ಪುರವೂ ಮರ್ಯಾದೆಯೂ

ಕೆಲವು ವರ್ಷಗಳ ಹಿಂದೆ, ನಾನು ಇನ್ನೂ ಅಧ್ಯಾಪಕ ವೃತ್ತಿಯಲ್ಲಿದ್ದಾಗ, ಏಳನೆಯ ಇಯತ್ತೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಿತ್ತೂರಿನ ಕೋಟೆಗೆ ಹೋಗಿದ್ದೆನು. ಅರಮನೆಯ ಮುರಿದ ಗೋಡೆಗಳ ನಡುವೆ ಹುಡುಗರನ್ನು ಕುಳ್ಳಿರಿಸಿ 1824ನೆಯ ಇಸವಿಯ ಕಥೆಯನ್ನು ಎಂದಿನಂತೆ ಹೇಳಿದೆನು. ಶಿವಲಿಂಗರುದ್ರಸರ್ಜನು ಆ ವರ್ಷದ ಸಪ್ಟೆಂಬರದಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕ ಪುತ್ರನನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ಭಾಂಡಾರಕ್ಕೆ ಮುದ್ರೆ ಬಿದ್ದಿತು. ಅಕ್ಟೋಬರ 23ಕ್ಕೆ ಯುದ್ಧವಾಗಿ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕೋಟೆಯು ಕಂಪನಿಯ ಸೈನ್ಯದ ಕೈವಶವಾಯಿತು. ಕಥೆ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಮಾಸ್ತರ, ಅರಸ ಸತ್ತರ ಊರ ಯಾಕ ಹೋಗಬೇಕ್ರಿ?” ಎಂದು ಕೇಳಿದನು.

ನಾನು ದತ್ತಕದ ನಿಯಮವನ್ನೂ ಕಂಪನಿಯ ಲೋಭವನ್ನೂ ಕುರಿತು ಏನೋ ಹೇಳಿದೆನು. ಹುಡುಗನು ತಲೆಯಾಡಿಸಿ ಕುಳಿತುಕೊಂಡನು. ಆದರೆ ಅವನು ಕೇಳಿದ್ದು ಅದಲ್ಲವೆಂಬದು ನನಗೆ ತಿಳಿದಿತ್ತು. ಮನೆಗಳು ಇದ್ದವು, ಪೇಟೆ ಇತ್ತು, ಕೆರೆ ಇತ್ತು, ಹೊಲ ಇದ್ದವು, ಜನರಿದ್ದರು. ಒಬ್ಬನ ಉಸಿರು ನಿಂತ ಮಾತ್ರಕ್ಕೆ ಇಷ್ಟೆಲ್ಲ ಮತ್ತೊಬ್ಬರ ಪಾಲಾಗುವದೆಂದರೆ, ಅದುವರೆಗೆ ಇದು ಯಾರದಾಗಿತ್ತು? ಊರೆಂಬದು ಒಂದು ಸ್ವತ್ತೇ, ಅಥವಾ ತನ್ನಷ್ಟಕ್ಕೆ ತಾನೇ ನಿಲ್ಲಬಲ್ಲ ಒಂದು ಪದಾರ್ಥವೇ? ಈ ಪ್ರಶ್ನೆಯನ್ನು ಯಥಾಮತಿಯಾಗಿ ವಿಚಾರಿಸಿ ವಾಚಕರ ಮುಂದಿಡುವದೇ ಪ್ರಸ್ತುತ ಲೇಖನದ ಉದ್ದೇಶವು.

ಪೂರ್ವಪಕ್ಷವನ್ನು ಮೊದಲು ಕೇಳೋಣ. ನಮ್ಮ ಅರ್ಥಶಾಸ್ತ್ರವು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಇವುಗಳಲ್ಲಿ ನಗರಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ಅದು ದುರ್ಗದೊಳಗೆ ಅಡಗಿದೆ. ಎಂದರೆ ಸ್ವಾಮಿಯು ತಲೆ, ಪಟ್ಟಣವು ಅವನ ಕವಚ. ಯವನ ದೇಶದಲ್ಲಿಯೋ ರಾಜ್ಯವೆಂಬ ಶಬ್ದವೂ ನಗರವೆಂಬ ಶಬ್ದವೂ ಒಂದೇ ಆಗಿದ್ದವು. ಅಥೆನ್ಸ ನಗರದಲ್ಲಿ ಕ್ರಿ.ಪೂ. 594ರಲ್ಲಿ ಸೋಲೋನನು ಸಾಲಗಾರರ ದಾಸ್ಯವನ್ನು ಬಿಡಿಸಿದನು. 508ರಲ್ಲಿ ಕ್ಲೈಸ್ಥನೀಸನು ಜನರನ್ನು ಹತ್ತು ಗಣಗಳಾಗಿ ಹೊಸದಾಗಿ ವಿಂಗಡಿಸಿದನು. ರೋಮಕ ನಗರವು ಗುಡ್ಡಗಳ ಮೇಲಿನ ಕುರಿಕಾಯುವವರ ಗುಡಿಸಲುಗಳಿಂದ ಬೆಳೆದದ್ದೆಂದೂ, ಕ್ರಿ.ಪೂ. 509ರಲ್ಲಿ ಕೊನೆಯ ಅರಸನನ್ನು ಹೊರಗೆ ಹಾಕಿತೆಂದೂ ಅವರ ಐತಿಹ್ಯವು. ಅರಸನು ಹೋದನು, ರೋಮಕ ನಗರವು ಹೋಗಲಿಲ್ಲ. ಅದರ ಬೆಳವಣಿಗೆಯು ಆಮೇಲೆಯೇ ಮೊದಲಾಯಿತು. ಅಂತಹ ನಗರಗಳು ನಮ್ಮಲ್ಲಿ ಇರಲಿಲ್ಲವಾದ್ದರಿಂದ ನಮ್ಮ ಊರುಗಳು ಅರಸನೊಡನೆ ಹುಟ್ಟಿ ಅರಸನೊಡನೆ ಸಾಯತಕ್ಕವುಗಳೇ ಎಂಬದು ಪೂರ್ವಪಕ್ಷವು.

ಇದು ಪೂರ್ಣವಾಗಿ ನಿಜವಲ್ಲ. ಅದಕ್ಕೆ ಸಾಕ್ಷಿಯನ್ನು ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ನಾಲ್ಕು ಊರುಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಕ್ಕುಂದವು ನಮ್ಮ ಬೈಲಹೊಂಗಲ ತಾಲೂಕಿನ ಇಂದಿನ ವಕ್ಕುಂದ. ಪುಲಿಗೆರೆಯು ಗದಗ ಜಿಲ್ಲೆಯ ಇಂದಿನ ಲಕ್ಷ್ಮೇಶ್ವರ. ಒಂದೇ ತಿರುಳ್ಗನ್ನಡದ ಅಣ್ಣತಮ್ಮಂದಿರಂತಿರುವ ಈ ಊರುಗಳಲ್ಲಿ ಪುಲಿಗೆರೆಯು ಕವಿರಾಜಮಾರ್ಗಕ್ಕೆ ನೂರು ವರ್ಷ ಮೊದಲೇ ಒಂದು ದೊಡ್ಡ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಿಕೊಂಡಿತ್ತು.

ಪುಲಿಗೆರೆಯ ಹೆಸರೇ ಅದರ ಬಾಲ್ಯವನ್ನು ಹೇಳುವದು. ಊರು ಹುಟ್ಟಿದ್ದು ಕೋಟೆಯಿಂದಲ್ಲ, ಕೆರೆಯಿಂದ. ನೀರು ಇದ್ದಲ್ಲಿ ಒಕ್ಕಲು ನಿಂತಿತು. ಒಕ್ಕಲು ನಿಂತಲ್ಲಿ ಸಂತೆ ಕೂಡಿತು. ಸಂತೆಗೆ ಬಂದವರಲ್ಲಿ ಕಂಚುಗಾರ, ಗಾಣಿಗ, ನೇಕಾರರು ಮನೆ ಹೂಡಿದರು. ದೇವಸ್ಥಾನಗಳೂ ಬಸದಿಗಳೂ ಎದ್ದವು. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ತಂಗಿಯಾದ ಕುಂಕುಮದೇವಿಯು ಇಲ್ಲಿ ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದಳು. ಕಾಲಾಂತರದಲ್ಲಿ ಊರು ಪುಲಿಗೆರೆ ಮುನ್ನೂರೆಂಬ ನಾಡಿಗೆ ತಲೆಯೂರಾಯಿತು. ಹೀಗೆ ಬೆಳೆದ ಊರಿನಲ್ಲಿ ಮೂರು ಬಗೆಯ ಕೂಟಗಳು ತಾವಾಗಿ ಏರ್ಪಟ್ಟವು. ವಿದ್ಯಾವಂತರಾದ ಮಹಾಜನರು, ವ್ಯಾಪಾರಸ್ಥರ ನಗರ, ಕಸುಬಿನವರೇ ಮೊದಲಾದ ಹದಿನೆಂಟು ಪ್ರಕೃತಿಗಳು. ‘ನಗರ’ವೆಂಬ ಶಬ್ದವು ಇಲ್ಲಿ ಕಟ್ಟಡಗಳ ಗುಂಪಿಗಲ್ಲ, ಮನುಷ್ಯರ ಸಭೆಗೆ ಹೆಸರಾಗಿದೆಯೆಂಬದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ವಿಜಯಾದಿತ್ಯನ ಮಗನಾದ ವಿಕ್ರಮಾದಿತ್ಯನು ಇನ್ನೂ ಯುವರಾಜನಾಗಿದ್ದಾಗ, ಸುಮಾರು ಕ್ರಿ.ಶ. 725ರಲ್ಲಿ, ಈ ಮೂವರನ್ನೂ ಉದ್ದೇಶಿಸಿ ಒಂದು ಆಚಾರವ್ಯವಸ್ಥೆಯನ್ನು ಶಾಸನ ಮಾಡಿಸಿದನು. ಅದರ ಭಾಷೆ ಕನ್ನಡ. ಸಾಮಾನ್ಯವಾಗಿ ಶಾಸನವೆಂದರೆ ಅರಸನ ಸ್ತುತಿ, ದಾನ, ಶಾಪ. ಇಲ್ಲಿ ಮುಖ್ಯ ವಿಷಯವೇ ಬೇರೆ. ರಾಜಪುರುಷರು ಏನನ್ನು ಕಾಪಾಡತಕ್ಕದ್ದು, ಊರವರು ಏನನ್ನು ಸಲ್ಲಿಸತಕ್ಕದ್ದು ಎಂಬ ಎರಡೂ ಕಡೆಯ ಕಟ್ಟಳೆ. ಬರಿದಾಗಿ ಬಿದ್ದ ಮನೆಗಳನ್ನು, ಅರಸನ ದತ್ತಿಯನ್ನು, ಸತ್ಪುರುಷರ ಸಾಕ್ಷ್ಯವನ್ನು, ತಾಮ್ರಶಾಸನಗಳನ್ನು, ಅನುಭವಿಸುತ್ತ ಬಂದ ಭೂಮಿಯ ಅನುಭೋಗವನ್ನು, ಮರ್ಯಾದೆಯನ್ನು ರಾಜಪುರುಷರು ರಕ್ಷಿಸಬೇಕು. ಊರವರಾದರೋ ವೈಶಾಖ ಮಾಸದಲ್ಲಿ ಮನೆಯ ಅಂತಸ್ತಿಗೆ ತಕ್ಕಂತೆ 10, 7, 5, 3 ಪಣಗಳನ್ನು ಕೊಡಬೇಕು. ದೊಡ್ಡ ಮನೆಗೆ ದೊಡ್ಡ ತೆರಿಗೆ, ಚಿಕ್ಕ ಮನೆಗೆ ಚಿಕ್ಕದು. ಮೊತ್ತವು ಮೊದಲೇ ಗೊತ್ತು. ತೆರಿಗೆಯು ಭಾರವಾಗುವದು ಅದರ ಮೊತ್ತದಿಂದ ಮಾತ್ರವಲ್ಲ, ಅದರ ಅನಿಶ್ಚಯದಿಂದಲೂ ಎಂಬದನ್ನು ಸಂಸಾರಿಗಳು ಬಲ್ಲರು.

ಈ ‘ಮರ್ಯಾದೆ’ಯೆಂಬ ಶಬ್ದವನ್ನು ಸ್ವಲ್ಪ ವಿಚಾರಿಸಬೇಕು. ಇಂದು ನಾವು ಅದನ್ನು ಗೌರವವೆಂಬ ಅರ್ಥದಲ್ಲಿ ಉಪಯೋಗಿಸುತ್ತೇವೆ. ಮೂಲದಲ್ಲಿ ಅದು ಎಲ್ಲೆ, ಕಟ್ಟೆ. ಸಮುದ್ರವು ತನ್ನ ದಂಡೆಯನ್ನು ಮೀರದಿರುವದು ಮರ್ಯಾದೆ. ಬಲವಿಲ್ಲದವನಿಗೆ ಎಲ್ಲೆಯನ್ನು ಬೋಧಿಸಬೇಕಾಗಿಲ್ಲ. ಅವನನ್ನು ಲೋಕವೇ ಎಲ್ಲೆಯಲ್ಲಿಡುತ್ತದೆ. ಬಲವುಳ್ಳವನು ತನ್ನ ಆಳುಗಳಿಗೆ ಇಷ್ಟೇ ನಿಮ್ಮ ಎಲ್ಲೆಯೆಂದು ಊರ ನಡುವೆ, ಊರವರ ಭಾಷೆಯಲ್ಲಿ, ಅಳಿಯದ ಕಲ್ಲಿನ ಮೇಲೆ ಹೇಳುವದೇ ನಗರದ ನಿಜವಾದ ಹುಟ್ಟು. ಕ್ರಿ.ಪೂ. 451-450ರಲ್ಲಿ ರೋಮಕ ನಗರವು ತನ್ನ ಕಟ್ಟಳೆಗಳನ್ನು ಹನ್ನೆರಡು ಫಲಕಗಳ ಮೇಲೆ ಬರೆಯಿಸಿ ಪೇಟೆಯ ಚೌಕದಲ್ಲಿ ನಿಲ್ಲಿಸಿತು. ಮುಂದೆ ಎಷ್ಟೋ ಕಾಲ ಅಲ್ಲಿಯ ಮಕ್ಕಳು ಅವನ್ನು ಕಂಠಪಾಠ ಮಾಡುತ್ತಿದ್ದರು. ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹಚ್ಚಿದ ನನ್ನಂಥವನಿಗೆ ಆ ಮಕ್ಕಳು ನೆರೆಯವರಂತೆ ಕಾಣುತ್ತಾರೆ.

ಇಲ್ಲಿ ಒಂದು ಆಕ್ಷೇಪವು ಬರುವದು. ರೋಮಕ ಜನರು ತಮ್ಮ ಕಟ್ಟಳೆಗಳನ್ನು ಹೋರಾಡಿ ಪಡೆದರು. ಅದಕ್ಕೂ ಮುಂಚೆ, ಕ್ರಿ.ಪೂ. 494ರಲ್ಲಿ, ಬಡವರೆಲ್ಲರೂ ಊರು ಬಿಟ್ಟು ಗುಡ್ಡವನ್ನು ಸೇರಿ, ನಮ್ಮ ಮಾತನ್ನು ಕೇಳಿದರೆ ಮಾತ್ರ ಮರಳುವೆವೆಂದು ಕುಳಿತರು. ಪುಲಿಗೆರೆಯಾದರೋ ಯುವರಾಜನ ಕೃಪೆಯಿಂದ ಪಡೆದದ್ದು. ಕೃಪೆಯಿಂದ ಬಂದದ್ದು ಹಕ್ಕಾಗುವದು ಹೇಗೆ? ಕೊಟ್ಟ ಕೈಯೇ ಕಸಿದುಕೊಳ್ಳಲಾರದೇ?

ಆಕ್ಷೇಪವು ಬಲವಾದದ್ದೇ ಸರಿ. ಒಂದು ದೃಷ್ಟಾಂತವನ್ನು ಕೊಡುವೆನು. ಶಾಕುಂತಲದ ಆರನೆಯ ಅಂಕದಲ್ಲಿ ಧನಮಿತ್ರನೆಂಬ ಸಮುದ್ರವ್ಯಾಪಾರಿಯು ಹಡಗು ಮುಳುಗಿ ಸತ್ತ ಸುದ್ದಿ ಬರುತ್ತದೆ. ಅವನಿಗೆ ಮಕ್ಕಳಿಲ್ಲ, ಅವನ ದ್ರವ್ಯವು ಅರಸನಿಗೆ ಸಲ್ಲತಕ್ಕದ್ದೆಂದು ಅಮಾತ್ಯನು ಬರೆದು ಕಳುಹಿಸಿದ್ದಾನೆ. ದುಷ್ಯಂತನು, ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಿರಬಹುದು, ವಿಚಾರಿಸಿರಿ ಎನ್ನುತ್ತಾನೆ. ಹಾಗೆಯೇ ಇರಲು, ಗರ್ಭದಲ್ಲಿರುವ ಶಿಶುವಿಗೇ ಆ ಸ್ವತ್ತೆಂದು ತೀರ್ಪು ಕೊಡುತ್ತಾನೆ. ಕಥೆಯು ಮನೋಹರವಾಗಿದೆ. ಆದರೆ ಆ ದಿನ ದುಷ್ಯಂತನು ತಾನೇ ಸಂತಾನವಿಲ್ಲದ ದುಃಖದಲ್ಲಿ ಬೇಯುತ್ತಿದ್ದನು. ಅದೇ ಪತ್ರವು ಬೇಟೆಯ ಉಲ್ಲಾಸದಲ್ಲಿದ್ದ ದುಷ್ಯಂತನ ಕೈಗೆ ಬಂದಿದ್ದರೆ? ಕೃಪೆಗೆ ಒಳ್ಳೆಯ ದಿನವೂ ಕೆಟ್ಟ ದಿನವೂ ಉಂಟು. ಕಟ್ಟಳೆಗೆ ಎಲ್ಲ ದಿನವೂ ಒಂದೇ.

ಇದನ್ನು ನಮ್ಮ ಹಿಂದಿನ ವರ್ತಕರು ಬಲ್ಲವರಾಗಿದ್ದರು. ಪಶ್ಚಿಮ ಭಾರತದಲ್ಲಿ ಕ್ರಿ.ಶ. 592ರಲ್ಲಿ ವಿಷ್ಣುಷೇಣನೆಂಬ ಅರಸನ ಬಳಿಗೆ ವರ್ತಕರ ಕೂಟವು ತಾನಾಗಿ ಹೋಗಿ, ತಮ್ಮ ಆಚಾರವನ್ನು ಪತ್ರದಲ್ಲಿ ಸ್ಥಿರಪಡಿಸಿಕೊಡಬೇಕೆಂದು ಕೇಳಿಕೊಂಡಿತು. ಅವನು ಕೊಟ್ಟ ತಾಮ್ರಪಟದ ಮೊದಲನೆಯ ಕಟ್ಟಳೆಯು, ಮಕ್ಕಳಿಲ್ಲದೆ ಸತ್ತವನ ಸ್ವತ್ತನ್ನು ರಾಜಪುರುಷರು ತೆಗೆದುಕೊಳ್ಳಕೂಡದು ಎಂಬದು. ಎರಡನೆಯದು, ರಾಜಪುರುಷನು ಯಾರ ಮನೆಯ ಹೊಸ್ತಿಲನ್ನೂ ಮುರಿದು ಒಳಗೆ ಹೋಗಕೂಡದು ಎಂಬದು. ಅನೇಕ ಕಟ್ಟಳೆಗಳಲ್ಲಿ ಇವೆರಡು ಮೊದಲು ನಿಂತದ್ದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಸಾವು ಮನೆಯನ್ನು ಹೊಕ್ಕ ದಿನ ಅಧಿಕಾರವು ಅದರ ಹಿಂದೆಯೇ ಹೊಗಬಾರದು. ಇದಕ್ಕಿಂತ ಮೊದಲಿನ ನಾಗರಿಕ ಹಕ್ಕು ಯಾವದಿರಬಹುದು?

ಆದ್ದರಿಂದ ಆಕ್ಷೇಪಕ್ಕೆ ನನ್ನ ಸಮಾಧಾನವಿದು. ಹಕ್ಕು ಯಾರ ಕೈಯಿಂದ ಬಂದಿತೆಂಬದು ಮುಖ್ಯವಲ್ಲ; ಬಂದ ಮೇಲೆ ಅದನ್ನು ಹಿಡಿದು ನಿಲ್ಲುವವರು ಯಾರೆಂಬದು ಮುಖ್ಯ. ಬರೆಹವು ಅರ್ಧ; ಬರೆಹವನ್ನು ಓದಿ ಹೇಳಿ, ಮೀರಿದವನಿಗೆ ಅದನ್ನು ತೋರಿಸುವ ಸಭೆಯು ಉಳಿದ ಅರ್ಧ. ಮನುಸ್ಮೃತಿಯು ವ್ಯವಹಾರದ ಹದಿನೆಂಟು ಪದಗಳಲ್ಲಿ ಸಂವಿದ್‌ವ್ಯತಿಕ್ರಮವನ್ನು, ಅಂದರೆ ಸಮೂಹದೊಡನೆ ಮಾಡಿಕೊಂಡ ಒಪ್ಪಂದವನ್ನು ಮುರಿಯುವದನ್ನು, ಸೇರಿಸಿದ್ದು ಇದಕ್ಕಾಗಿಯೇ. ಮಲಪ್ರಭೆಯ ಕೆಳಗಿನ ದಂಡೆಯ ಐಹೊಳೆಯ ಐನೂರ್ವರೆಂಬ ವರ್ತಕರ ಸಂಘವು, ಬಾದಾಮಿಯ ಅರಸರು ಅಳಿದು ರಾಷ್ಟ್ರಕೂಟರು ಬಂದು, ಅವರೂ ಅಳಿದು ಕಲ್ಯಾಣದ ಚಾಲುಕ್ಯರು ಬಂದರೂ ಬದುಕಿತು; ತಮಿಳು ನಾಡಿನವರೆಗೂ ಹಬ್ಬಿತು. ಸವದತ್ತಿಯ ರಟ್ಟರ ವಂಶದ ನಾಲ್ಮಡಿ ಕಾರ್ತವೀರ್ಯನು ವೇಣುಗ್ರಾಮದಲ್ಲಿ, ಅಂದರೆ ಬೆಳಗಾವಿಯಲ್ಲಿ, ಆಳುತ್ತಿದ್ದಾಗ, 1204ರಲ್ಲಿ, ಅಲ್ಲಿಯ ವರ್ತಕರು ಕೂಡಿ ರಟ್ಟಜಿನಾಲಯಕ್ಕಾಗಿ ತಮ್ಮ ಸರಕಿನ ಮೇಲೆ ತಾವೇ ಆಯವನ್ನು ವಿಧಿಸಿಕೊಂಡರು. ತನ್ನ ಮೇಲೆ ತಾನೇ ತೆರಿಗೆ ಹಾಕಿಕೊಳ್ಳಬಲ್ಲ ಊರಿಗೆ ತಾನು ಎಂಬದೊಂದು ಇದೆಯೆಂದು ಅರ್ಥವಷ್ಟೆ.

ಇದನ್ನು ಹೇಳುವಾಗ ಹಳೆಯ ಕಾಲವೆಲ್ಲ ಬಂಗಾರವೆಂದು ನಾನು ಹೇಳುತ್ತಿಲ್ಲ. ಅಥೆನ್ಸದ ಸಭೆಯಲ್ಲಿ ಹೆಂಗಸರಿಗೂ ದಾಸರಿಗೂ ಪರಊರಿಂದ ಬಂದು ನೆಲಸಿದವರಿಗೂ ಸ್ಥಾನವಿರಲಿಲ್ಲ. ಕುಂಕುಮದೇವಿಯು ಪುಲಿಗೆರೆಯಲ್ಲಿ ಬಸದಿಯನ್ನು ಕಟ್ಟಿಸಬಲ್ಲವಳಾಗಿದ್ದಳು; ಆದರೆ ನಮ್ಮ ಮಹಾಜನರ ಸಭೆಯಲ್ಲಿ ಸಾಮಾನ್ಯ ಸ್ತ್ರೀಯರ ದನಿಯೂ ಹೊರಗೇರಿಯವರ ದನಿಯೂ ಎಷ್ಟು ಕೇಳಿಸುತ್ತಿತ್ತೆಂದು ಕೇಳಿದರೆ ತಲೆ ತಗ್ಗಿಸಬೇಕಾಗುವದು. ಮರ್ಯಾದೆಯ ಕಟ್ಟೆಯು ಒಳಗಿನವರನ್ನು ಕಾಯುವಂತೆ ಹೊರಗಿನವರನ್ನು ತಡೆಯಲೂ ಬಲ್ಲದು.

ಇನ್ನು ಕಿತ್ತೂರಿಗೆ ಮರಳೋಣ. ಈ ಸಂಸ್ಥಾನದ ಮೂಲಪುರುಷರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿಯೆಂಬ ವರ್ತಕ ಸಹೋದರರೆಂದೂ, 1585ರಲ್ಲಿ ಅದು ಮೊದಲಾಯಿತೆಂದೂ ಇತಿಹಾಸವು. ಶೆಟ್ಟರು ಕಟ್ಟಿದ ರಾಜ್ಯವಾದರೂ ಅದು ಶೆಟ್ಟರ ಸಭೆಯಾಗಿ ಬೆಳೆಯದೆ ದೇಸಗತಿಯಾಗಿ ಬೆಳೆಯಿತು, ಕಾಲವು ಹಾಗಿತ್ತು. 1818ರಲ್ಲಿ ಪೇಶವೆಯ ರಾಜ್ಯವು ಮುಳುಗಿದಾಗ ಕಿತ್ತೂರಿನ ದೇಸಾಯಿಗೆ ಕಂಪನಿಯು ಸನದು ಕೊಟ್ಟಿತು. ಸನದೂ ಬರೆಹವೇ. ಆದರೆ ಅದನ್ನು ಬರೆದವನೇ ಅದರ ಅರ್ಥವನ್ನು ಹೇಳುವವನೂ ಆಗಿದ್ದನು. ಆರು ವರ್ಷಗಳ ಮೇಲೆ ದೇಸಾಯಿಯು ಮಕ್ಕಳಿಲ್ಲದೆ ಸಾಯಲು, ವಿಷ್ಣುಷೇಣನು ಒಬ್ಬ ವರ್ತಕನ ಮನೆಗೆ ಕೊಟ್ಟಿದ್ದ ಅಭಯವು ಒಂದು ರಾಜ್ಯಕ್ಕೇ ಸಿಕ್ಕಲಿಲ್ಲ. ಡಾಲಹೌಸಿಯು ಇದನ್ನೇ ಒಂದು ನೀತಿಯಾಗಿ ಮಾಡಿದ್ದು 1848ರ ತರುವಾಯ; ಕಿತ್ತೂರು ಅದರ ರುಚಿಯನ್ನು ಸುಮಾರು ಕಾಲು ಶತಮಾನ ಮೊದಲೇ ಕಂಡಿತು.

ಹಾಗಾದರೆ ಊರು ಸತ್ತಿತೇ? ಚೆನ್ನಮ್ಮ ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅರಸನಿಲ್ಲ, ರಾಣಿಯಿಲ್ಲ, ಕೋಟೆಯಿಲ್ಲ, ಭಾಂಡಾರವಿಲ್ಲ. ಸಪ್ತಾಂಗಗಳಲ್ಲಿ ಒಂದೂ ಉಳಿಯಲಿಲ್ಲ. ಆಗ ಸಂಗೊಳ್ಳಿಯ ಶೇತಸನದಿಯೊಬ್ಬನು, ಊರ ಚಾಕರಿಯ ತುಂಡು ಹೊಲದವನು, ರಾಜ್ಯವು ಇನ್ನೂ ಇದೆಯೆಂಬಂತೆ ಕತ್ತಿ ಹಿಡಿದು ನಿಂತನು. 1831ರ ಜನವರಿ 26ಕ್ಕೆ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ರಾಯಣ್ಣನ ಎದೆಯಲ್ಲಿ ಕಿತ್ತೂರು ಸತ್ತಿರಲಿಲ್ಲ. ಆದರೂ ಅವನು ಹೋರಾಡಿದ್ದು ದತ್ತಕ ಬಾಲಕನ ಹೆಸರಿನಲ್ಲಿಯೇ. ‘ನಾವು’ ಎಂದು ಹೇಳಬಲ್ಲ ಸಭೆಯೊಂದು ಇಲ್ಲದ್ದರಿಂದ, ಅಂತಹ ವೀರನಿಗೂ ಊರಿನ ಪರವಾಗಿ ಆಡಲು ಒಂದು ಮಗುವಿನ ಹೆಸರು ಬೇಕಾಯಿತು. ಕಿತ್ತೂರಿನ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿಯಿದು.

ಈಗ ನಮಗೆ ಅರಸರಿಲ್ಲ. 1992ರಲ್ಲಿ ಆದ ಸಂವಿಧಾನದ ತಿದ್ದುಪಡಿಯು ಪಟ್ಟಣಗಳ ಸಭೆಗಳಿಗೆ ಐದು ವರ್ಷದ ಅವಧಿಯನ್ನೂ, ಅವಧಿ ಮುಗಿಯುವ ಮುನ್ನ ಚುನಾವಣೆಯಾಗಬೇಕೆಂಬ ಕಟ್ಟಳೆಯನ್ನೂ ಕೊಟ್ಟಿದೆ. ಹೆಂಗಸರಿಗೂ ಹೊರಗೇರಿಯವರಿಗೂ ಅಲ್ಲಿ ಪೀಠವಿದೆ. ಪುಲಿಗೆರೆಯ ಕಲ್ಲಿಗಿಂತ ಇದು ದೊಡ್ಡ ಮರ್ಯಾದೆಯು. ಆದರೂ ಎಷ್ಟೋ ಊರುಗಳಲ್ಲಿ ಅವಧಿ ಮುಗಿದ ಸಭೆಯ ಬಾಗಿಲು ಮುಚ್ಚಿ, ಅಧಿಕಾರಿಯೊಬ್ಬನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಡಳಿತ ನಡೆಸುವದನ್ನು ನಾವು ನೋಡುತ್ತೇವೆ. ನೋಡಿ, ನಲ್ಲಿಯಲ್ಲಿ ನೀರು ಬಂದರೆ ಸಾಕೆಂದು ಸುಮ್ಮನಿರುತ್ತೇವೆ. ನಾನೂ ಸುಮ್ಮನಿದ್ದವರಲ್ಲಿ ಒಬ್ಬನು.

ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಮತದಾನ ಮಾಡುವ ವಯಸ್ಸಿನವನಾಗಿರಬೇಕು. ಅಂದು ಕೊಡದ ಉತ್ತರವನ್ನು ಇಂದು ಹೀಗೆ ಕೊಡುವೆನು: ಅಪ್ಪಾ, ಅರಸನು ಸತ್ತರೆ ಊರು ಹೋಗಬೇಕಾಗಿಲ್ಲ. ಊರಿನ ಹಕ್ಕು ಅರಸನಲ್ಲಿಯೇ ಇದೆಯೆಂದು ಊರವರು ನಂಬಿ ಸುಮ್ಮನಿದ್ದ ದಿನವೇ ಊರು ಹೋಗಿರುತ್ತದೆ. ಅರಸನ ಸಾವು ಅದನ್ನು ತಿಳಿಸುವದು ಮಾತ್ರ.