ಕಾಣದೆ ಕೊಳ್ಳುವವನ ಕಣ್ಣು

ಕ್ರಯವಿಕ್ರಯದಲ್ಲಿ ಕೊಳ್ಳುವವನಿಗಿರುವ ಮೊದಲ ರಕ್ಷೆ ಅವನ ಕಣ್ಣು. ಧಾನ್ಯದ ಮಂಡಿಯಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಕಾಳನ್ನು ಅಂಗೈಗೆ ಸುರಿದುಕೊಳ್ಳುವುದು, ಎತ್ತನ್ನು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವುದು, ಜವಳಿ ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜುವುದು ಇವೆಲ್ಲ ವ್ಯವಹಾರದ ಶಿಷ್ಟಾಚಾರಗಳೇ ಆಗಿದ್ದವು. ಇವುಗಳಿಂದ ಮಾರುವವನು ಅವಮಾನಿತನಾದೆನೆಂದು ಭಾವಿಸುತ್ತಿರಲಿಲ್ಲ. ಹೀಗೆ ಪರೀಕ್ಷಿಸಿ ಕೊಂಡವನು ಆಮೇಲೆ ದೂರಿದರೆ “ನೋಡಿಯೇ ಕೊಂಡಿರಲ್ಲ” ಎಂಬ ಒಂದೇ ಮಾತು ಅವನ ಬಾಯಿ ಕಟ್ಟುತ್ತಿತ್ತು. ಈಗಲಾದರೋ ಅಂತರ್ಜಾಲದ ಮೂಲಕ ನೋಡದೆಯೇ ಕೊಳ್ಳುವುದು ಲೋಕರೂಢಿಯಾಗಿದೆ. ಕೊಳ್ಳುವವನ ಹಣ ಸಂತೆಗೆ ಬರುತ್ತದೆ, ಕಣ್ಣು ಬರುವುದಿಲ್ಲ. ಹಾಗಾದರೆ ಆ ಕಣ್ಣು ಮಾಡುತ್ತಿದ್ದ ಕೆಲಸದ ಹೊಣೆ ಯಾರದು?

ಸಾಬೂನು, ಪುಸ್ತಕ ಮೊದಲಾದವುಗಳ ವಿಷಯದಲ್ಲಿ ಈ ಪ್ರಶ್ನೆ ಅಷ್ಟು ತೊಡಕಿನದಲ್ಲ. ಒಂದರಂತೆ ಮತ್ತೊಂದಿರುವ ವಸ್ತುಗಳಿಗೆ ಮಾದರಿಯೇ ಸಾಕ್ಷಿ. ಆದರೆ ಬಳಸಿದ ವಸ್ತುವಿಗೆ ಮಾದರಿ ಎಂಬುದಿಲ್ಲ. ಅದಕ್ಕೆ ಅದರದೇ ಆದ ಪೂರ್ವಚರಿತ್ರೆ ಉಂಟು. ಆ ಚರಿತ್ರೆಯನ್ನು ಬಲ್ಲವನು ಅದರ ಒಡೆಯನೊಬ್ಬನೇ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ದೃಷ್ಟಾಂತವಾಗಿ ತೆಗೆದುಕೊಂಡು ಇದನ್ನೇ ವಿವರಿಸಿದನು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎಲ್ಲ ವಾಹನಗಳನ್ನೂ ಸಂಶಯದಿಂದ ಕಂಡು ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಾಹನದ ಒಡೆಯನು ಮಾರಲೊಪ್ಪದೆ ಹಿಂದೆಗೆಯುತ್ತಾನೆ. ಕಡೆಗೆ ಮಾರುಕಟ್ಟೆಯಲ್ಲಿ ಕೆಟ್ಟ ವಾಹನಗಳೇ ಉಳಿಯುತ್ತವೆ. 2001ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಇನ್ನಿಬ್ಬರೊಡನೆ ದೊರೆಯಿತು. ಒಬ್ಬನ ಮೌನವು ಸತ್ಯವಂತರಾದ ಇತರ ಮಾರಾಟಗಾರರನ್ನೂ ಶಿಕ್ಷಿಸುತ್ತದೆ ಎಂಬುದು ಈ ವಿಚಾರದಿಂದ ಸಿದ್ಧವಾಗುತ್ತದೆ.

ಬ್ರಿಟನ್ನಿನಲ್ಲಿ ನಡೆಯುವ ಹಳೆಯ ಮೋಟರ್‌ಹೋಮ್‌ಗಳ ವ್ಯಾಪಾರ ಇದಕ್ಕೆ ಒಳ್ಳೆಯ ನಿದರ್ಶನ. ವ್ಯಾನಿನ ಚಾಸಿಯ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹಗಳನ್ನು ಅಳವಡಿಸಿ ಕಟ್ಟಿದ ಚಲಿಸುವ ಮನೆ ಅದು. ನಿವೃತ್ತರಾದ ದಂಪತಿಗಳು ಜೀವಮಾನದ ಉಳಿತಾಯದಲ್ಲಿ ದೊಡ್ಡ ಪಾಲನ್ನು ಅದಕ್ಕೆ ತೆರುವುದುಂಟು. ಮೆಚ್ಚಿದ ವಾಹನ ಕಾರ್ನ್‌ವಾಲಿನ ಪೆನ್ಜಾನ್ಸ್‌ನಲ್ಲಿ, ಮೆಚ್ಚಿದವರು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಇದ್ದರೆ ನಡುವಿನ ದಾರಿ ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು. ಆದುದರಿಂದ ಇಪ್ಪತ್ತೋ ಮೂವತ್ತೋ ಛಾಯಾಚಿತ್ರಗಳನ್ನು ನೋಡಿ, ದೂರವಾಣಿಯಲ್ಲಿ ನಾಲ್ಕು ಮಾತಾಡಿ, ಬ್ಯಾಂಕಿನ ಮೂಲಕ ಹಣ ಕಳುಹಿಸಿಬಿಡುವವರಿದ್ದಾರೆ. ಇಲ್ಲದ ವಾಹನದ ಚಿತ್ರ ತೋರಿಸಿ ಹಣ ದೋಚುವವರೂ ಇದ್ದಾರೆ. ಅದು ನೇರವಾದ ಕಳ್ಳತನ, ಅದರಲ್ಲಿ ಧರ್ಮಸೂಕ್ಷ್ಮವೇನೂ ಇಲ್ಲ. ವಿಚಾರಣೀಯವಾದುದು ವಾಹನ ನಿಜವಾಗಿಯೂ ಇದ್ದು, ಚಿತ್ರಗಳೂ ನಿಜವಾಗಿದ್ದು, ಆದರೂ ಕೊಂಡವನು ಕೆಡುವ ಪ್ರಸಂಗ.

ಮೋಟರ್‌ಹೋಮಿನ ಮುಖ್ಯ ಶತ್ರು ನೀರು. ಅನೇಕ ಹಳೆಯ ವಾಹನಗಳ ಗೋಡೆಯೊಳಗೆ ಮರದ ಚೌಕಟ್ಟಿರುತ್ತದೆ. ಛಾವಣಿಯ ಸಂದಿಯಲ್ಲೋ ಕಿಟಕಿಯ ರಬ್ಬರಿನ ಬಳಿಯಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಮಳೆಯ ನೀರು ಒಳಗಿಳಿದು ವರ್ಷಗಟ್ಟಲೆ ಆ ಮರವನ್ನು ಕೊಳೆಯಿಸುತ್ತದೆ. ಹೊರಗಿನ ಹೊಳಪು ಹಾಗೆಯೇ ಇರುತ್ತದೆ. ಅಂತಹ ಗೋಡೆಯನ್ನು ಬೆರಳಿನಿಂದ ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ಚಿತ್ರಕ್ಕೆ ವಾಸನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಟೈರುಗಳ ವಿಷಯವೂ ಹೀಗೆಯೇ. ಈ ವಾಹನಗಳು ವರ್ಷದ ಬಹುಕಾಲ ನಿಂತೇ ಇರುವುದರಿಂದ ಟೈರಿನ ಗ್ರಿಪ್ ಸವೆಯದೆ ಹೊಸದರಂತೆ ಕಾಣುತ್ತದೆ. ರಬ್ಬರು ಮಾತ್ರ ಮುದಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು ಅದರ ವಯಸ್ಸನ್ನು ಹೇಳುತ್ತವೆ: 2316 ಎಂದಿದ್ದರೆ 2016ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಜಾಹೀರಾತಿನ ಚಿತ್ರಗಳಲ್ಲಿ ಆ ಅಂಕಿಗಳು ಕಾಣಿಸುವುದು ವಿರಳ. ಸರಕಾರದ ಎಂ.ಓ.ಟಿ. ಎಂಬ ವಾರ್ಷಿಕ ಪರೀಕ್ಷೆಯು ಬ್ರೇಕು, ದೀಪ, ಟೈರು ಮುಂತಾದ ರಸ್ತೆಯ ಸುರಕ್ಷತೆಯ ವಿಷಯಗಳನ್ನು ನೋಡುತ್ತದೆ. ಒಳಗಿನ ಮನೆಯ ಗ್ಯಾಸ್ ಒಲೆ, ಹೀಟರುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆ ಹೀಟರು ಕೆಟ್ಟಿದ್ದರೆ ಅದರಿಂದ ಹೊರಡಬಹುದಾದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ವಾಹನದಲ್ಲಿ ಮಲಗಿದವರು ಏಳದೇ ಹೋಗಬಹುದು. ಆದಕಾರಣ ಇದು ಹಣದ ಪ್ರಶ್ನೆ ಮಾತ್ರವೆಂದು ತಿಳಿಯತಕ್ಕದ್ದಲ್ಲ. ಅಸತ್ಯದ ಬೆನ್ನ ಹಿಂದೆಯೇ ಹಿಂಸೆ ನಿಂತಿರುವ ಪ್ರಸಂಗವಿದು.

ಇಂತಹ ದೋಷವನ್ನು ಬಲ್ಲ ಒಡೆಯನು ಸುಳ್ಳನ್ನೂ ಆಡದೆ, ಸತ್ಯವನ್ನೂ ಹೇಳದೆ, ಸುಮ್ಮನಿದ್ದರೆ ಅವನು ತಪ್ಪಿತಸ್ಥನೇ? ಇಂಗ್ಲಿಷರ ಕಾನೂನಿನ ಹಳೆಯ ಉತ್ತರವನ್ನು ನಮ್ಮ ದೇಶದ ವಾಣಿಜ್ಯ ವಿದ್ಯಾರ್ಥಿಗಳೂ ಓದುತ್ತಾರೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಲ್ಲಿ ಅದು ಕುದುರೆಯ ದೃಷ್ಟಾಂತಗಳಾಗಿ ಬಂದಿದೆ. ಒಬ್ಬನು ರೋಗವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ಮಾತೆತ್ತುವುದಿಲ್ಲ, ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ಕೊಳ್ಳುವವನು “ನೀವು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ” ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನ. ಇನ್ನು 1930ರ ಸರಕು ಮಾರಾಟ ಅಧಿನಿಯಮದಲ್ಲಿ ಗಮನಿಸಬೇಕಾದ ಇನ್ನೊಂದು ಮಾತುಂಟು. ವರ್ಣನೆಯ ಮೇಲೆ ಸರಕನ್ನು ಮಾರುವ ವ್ಯಾಪಾರಿಯು ಅದು ಮಾರಾಟಯೋಗ್ಯವಾಗಿರುವುದಕ್ಕೆ ಹೊಣೆ. ಕೊಳ್ಳುವವನು ಪರೀಕ್ಷಿಸಿದ್ದರೆ ಮಾತ್ರ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳ ಮಟ್ಟಿಗೆ ಆ ಹೊಣೆ ಕಳೆಯುತ್ತದೆ. ಕಣ್ಣು ಕೆಲಸ ಮಾಡಿದಷ್ಟು ಹೊಣೆ ಇಳಿಯಿತು, ಮಾಡದಿದ್ದಲ್ಲಿ ಹೊಣೆ ಉಳಿಯಿತು ಎಂಬ ಲೆಕ್ಕವನ್ನು ಕಾನೂನೂ ಒಪ್ಪಿದೆ.

ಇಂದಿನ ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯಿದೆಯು ವ್ಯಾಪಾರಿಯಿಂದ ಕೊಂಡವನಿಗೆ ದೋಷಯುಕ್ತ ವಸ್ತುವನ್ನು 30 ದಿನಗಳೊಳಗೆ ತಿರಸ್ಕರಿಸುವ ಹಕ್ಕನ್ನು ಕೊಟ್ಟಿದೆ. ದೂರದಿಂದಲೇ ನಡೆದ ಖರೀದಿಯಾದರೆ 2013ರ ನಿಯಮಗಳ ಪ್ರಕಾರ ಕಾರಣ ಹೇಳದೆಯೂ 14 ದಿನಗಳೊಳಗೆ ಕರಾರನ್ನು ರದ್ದುಪಡಿಸಬಹುದು. ಆದರೆ ಮಾರುವವನು ವ್ಯಾಪಾರಿಯಾಗಿರದೆ ತನ್ನ ಸ್ವಂತ ವಾಹನವನ್ನು ಮಾರುವ ಗೃಹಸ್ಥನಾಗಿದ್ದರೆ ಈ ರಕ್ಷೆಗಳು ದೊರೆಯುವುದಿಲ್ಲ. ತಾನು ವರ್ಣಿಸಿದುದಕ್ಕೆ ಅವನು ಬದ್ಧ. ವರ್ಣಿಸದೆ ಬಿಟ್ಟುದಕ್ಕೆ ಅವನನ್ನು ಹಿಡಿಯುವುದು ದುಸ್ಸಾಧ್ಯ. ಕಾನೂನು ಎಲ್ಲಿ ಕೈಬಿಡುತ್ತದೆಯೋ ಅಲ್ಲಿಂದ ಧರ್ಮವಿಚಾರವು ಆರಂಭವಾಗಬೇಕಾಗಿದೆ.

ಈ ವಿವಾದವು ಎರಡು ಸಾವಿರ ವರ್ಷಗಳಿಗೂ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಡಯೋಜಿನಿಸ್ ಮತ್ತು ಆಂಟಿಪೇಟರ್ ಎಂಬ ಇಬ್ಬರು ತತ್ತ್ವಜ್ಞರ ಭಿನ್ನಮತವನ್ನು ವಿವರಿಸಿದ್ದಾನೆ. ಮರಮುಟ್ಟು ಕೆಟ್ಟು, ಕೋಣೆಗಳಲ್ಲಿ ಹಾವುಗಳು ಹರಿದಾಡುವ ಮನೆಯೊಂದಿದೆ. ಒಡೆಯನ ಹೊರತು ಯಾರಿಗೂ ಅದು ತಿಳಿಯದು. ಹೇಳದೆ ಮಾರಬಹುದೇ? ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಇದು ಹೀನವೆಂದು ಆಂಟಿಪೇಟರನ ವಾದ. ಕೊಳ್ಳೆಂದು ಬಲಾತ್ಕರಿಸಿದವರಾರು, ತನ್ನ ಮನೆ ಕೆಟ್ಟದ್ದೆಂದು ಡಂಗುರ ಸಾರಿ ಮಾರುವ ಮೂಢನುಂಟೇ ಎಂದು ಡಯೋಜಿನಿಸನ ಪ್ರತಿವಾದ. ಈ ಪ್ರತಿವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಕೊಳ್ಳುವವನಿಗೆ ಬುದ್ಧಿಯಿದೆ, ಬೇಡವೆನ್ನುವ ಸ್ವಾತಂತ್ರ್ಯವಿದೆ, ನೋಡದೆ ಕೊಳ್ಳುವ ಅಪಾಯಕ್ಕೆ ತಕ್ಕಂತೆ ಬೆಲೆಯನ್ನೂ ಇಳಿಸಿ ಕೇಳಬಹುದು. ಸಿಸೆರೊ ಮಾತ್ರ ಹೇಳದಿರುವುದೆಲ್ಲ ಮರೆಮಾಚುವುದಲ್ಲವೆಂದು ಒಪ್ಪಿಯೂ, ತಿಳಿಯುವುದರಿಂದ ಯಾರಿಗೆ ಹಿತವೋ ಅವರು ತಿಳಿಯದಿರಲೆಂದು ತನ್ನ ಲಾಭಕ್ಕಾಗಿ ಬಯಸುವುದೇ ಮರೆಮಾಚುವುದೆಂದು ನಿರ್ಣಯಿಸುತ್ತಾನೆ.

ಅದೇ ಗ್ರಂಥದಲ್ಲಿ ಬರುವ ಇನ್ನೊಂದು ಕಥೆ ಈ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಸಿರಾಕ್ಯೂಸಿನ ಪೈಥಿಯಸ್ ಎಂಬ ಸಾಹುಕಾರನು ತನ್ನ ತೋಟವನ್ನು ಕೇನಿಯಸ್ ಎಂಬ ರೋಮನನಿಗೆ ಮಾರಬೇಕೆಂದು, ಊಟಕ್ಕೆ ಕರೆದ ದಿನ ಊರಿನ ಬೆಸ್ತರನ್ನೆಲ್ಲ ತೋಟದ ಮುಂದೆ ದೋಣಿಗಳೊಡನೆ ಸೇರುವಂತೆ ಏರ್ಪಡಿಸಿದನು. ರಾಶಿ ರಾಶಿ ಮೀನು ಬಂದು ಬೀಳುವುದನ್ನು ಕಂಡು ಕೇನಿಯಸ್ ಕೇಳಿದಷ್ಟು ಬೆಲೆ ಕೊಟ್ಟನು. ಮರುದಿನ ನೋಡಿದರೆ ಒಂದು ದೋಣಿಯೂ ಇಲ್ಲ. ಅವನು ಕಾಣದೆ ಕೊಂಡವನಲ್ಲ. ಕಣ್ಣಾರೆ ಕಂಡೇ ಕೆಟ್ಟನು. ಆದುದರಿಂದ ಕಂಡು ಕೊಂಡದ್ದು, ಕಾಣದೆ ಕೊಂಡದ್ದು ಎಂಬ ಭೇದ ತೋರುವಷ್ಟು ಮುಖ್ಯವಲ್ಲ. ಕಾಣಿಸಿದವನಾರು, ಯಾವ ಭಾವದಿಂದ ಕಾಣಿಸಿದನು ಎಂಬುದು ಮುಖ್ಯ. ಛಾಯಾಚಿತ್ರವೂ ಒಂದು ಕಾಣಿಸುವಿಕೆಯೇ. ಎಲ್ಲಿ ನಿಂತು ತೆಗೆಯಬೇಕು, ಯಾವ ಮೂಲೆಯನ್ನು ಬಿಡಬೇಕು ಎಂದು ನಿಶ್ಚಯಿಸುವವನು ಮಾರುವವನು. ಪ್ರತಿಯೊಂದು ಚಿತ್ರವೂ ಒಂದು ನಯದಂತೆ ವಸ್ತುವಿನ ಒಂದು ಮುಖವನ್ನು ಸರಿಯಾಗಿಯೇ ತಿಳಿಸುತ್ತದೆ. ಉಳಿದ ಮುಖಗಳನ್ನು ಅಲ್ಲಗಳೆಯುವ ನಯವು ದುರ್ನಯವಾಗುವಂತೆ, ಉಳಿದುದನ್ನು ಅಡಗಿಸಲೆಂದೇ ಆರಿಸಿದ ಚಿತ್ರವು ನಿಜವಾಗಿದ್ದೂ ಅಸತ್ಯವಾಗುತ್ತದೆ.

ಮಾರುವವನ ಈ ಹೊಣೆಯ ಸ್ವರೂಪವನ್ನು ಗ್ರಹಿಸಲು ಶ್ರಾವಕಾಚಾರದ ಒಂದು ಪದ ಬಹಳ ಉಪಯುಕ್ತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುವ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿ ಇಟ್ಟ ಒತ್ತೆ, ಠೇವಣಿ. ಅದನ್ನು ಅಪಹರಿಸುವುದು ಅಚೌರ್ಯವ್ರತಕ್ಕೆ ಸೇರಬೇಕಲ್ಲವೇ, ಸತ್ಯವ್ರತದಲ್ಲಿ ಏಕೆ ಬಂದಿತು ಎಂಬ ಸಂದೇಹ ಸಹಜ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯಿಂದ ಇದು ಪರಿಹಾರವಾಗುತ್ತದೆ. ಚಿನ್ನ ಮೊದಲಾದುದನ್ನು ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆ ಸಂಖ್ಯೆ ಹೇಳಿ ಹಿಂದಕ್ಕೆ ಕೇಳುತ್ತಾನೆ. ಇಟ್ಟುಕೊಂಡವನು “ಹೌದು, ಅಷ್ಟೇ” ಎಂದು ಅನುಮತಿಸಿಬಿಡುತ್ತಾನೆ. ಅವನು ಕನ್ನ ಕೊರೆಯಲಿಲ್ಲ, ಕಥೆ ಕಟ್ಟಲಿಲ್ಲ. ಇನ್ನೊಬ್ಬನ ಅಜ್ಞಾನವನ್ನು ತಿದ್ದದೆ ಅದನ್ನೇ ಬಂಡವಾಳ ಮಾಡಿಕೊಂಡನು. ಇದೇ ಅವನ ಸತ್ಯಭಂಗ.

ಕಾಣದೆ ಕೊಳ್ಳುವವನು ಮಾರುವವನಲ್ಲಿ ಇಡುವ ಒತ್ತೆ ತನ್ನ ಕಣ್ಣು. “ನಾನು ಬರಲಾರೆ, ನನ್ನ ಬದಲು ನೀವೇ ನೋಡಿ ಹೇಳಿ” ಎಂಬುದು ಅವನು ಕಳುಹಿಸುವ ಹಣದೊಳಗೆ ಅಡಗಿರುವ ಮಾತು. ಸಂತೆಯಲ್ಲಿ ಎದುರುಬದುರು ನಿಂತಾಗ ಇಬ್ಬರೂ ತಮ್ಮ ತಮ್ಮ ಕಣ್ಣಿನ ಬಲದಿಂದ ವ್ಯವಹರಿಸುತ್ತಾರೆ. ಡಯೋಜಿನಿಸನ ವಾದಕ್ಕೆ ಅಲ್ಲಿ ಸ್ವಲ್ಪವಾದರೂ ನೆಲೆಯಿದೆ. ದೂರದ ಮಾರಾಟದಲ್ಲಿ ಇಬ್ಬರ ಕಣ್ಣೂ ಒಬ್ಬನ ವಶದಲ್ಲಿದೆ. ಕುದುರೆಯ ದೃಷ್ಟಾಂತದಲ್ಲಿ ಹೇಳುವುದಾದರೆ, ದೂರದ ಅಪರಿಚಿತನು ಹರಾಜಿನ ಗಿರಾಕಿಯ ಸ್ಥಾನದಿಂದ ಮಗಳ ಸ್ಥಾನಕ್ಕೆ ಬಂದಿರುತ್ತಾನೆ. ರಕ್ತಸಂಬಂಧವಿಲ್ಲದಿದ್ದರೂ, ಬೇರೆ ಆಸರೆಯಿಲ್ಲದೆ ನಂಬಿದ ಸಂಬಂಧವಿದೆ. ಹೀಗಿರುವಲ್ಲಿ ಗೋಡೆಯ ತೇವವನ್ನು ಬಲ್ಲವನು ಸುಮ್ಮನಿರುವುದು, ಒತ್ತೆಯಿಟ್ಟವನ ಮರೆವಿಗೆ “ಹೌದು, ಅಷ್ಟೇ” ಎಂದು ತಲೆಯಾಡಿಸುವುದಕ್ಕಿಂತ ಭಿನ್ನವಲ್ಲ.

ಹಾಗಾದರೆ ಮಾರುವವನು ಪ್ರತಿಯೊಂದು ಗೀರನ್ನೂ ವರದಿ ಮಾಡಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೊಂದು ಸುಲಭವಾದ ಅಳತೆಗೋಲು ಉಂಟು. ಕೊಳ್ಳುವವನು ಬಾಗಿಲಿಗೇ ಬಂದನೆಂದು ಮಾರುವವನು ಭಾವಿಸಿಕೊಳ್ಳಲಿ. ಅವನು ಒಳಗೆ ತಿರುಗಾಡುವಾಗ ಯಾವ ಮೂಲೆಯ ಬಳಿ ತನ್ನ ಎದೆ ಅಳುಕುವುದೋ, ಯಾವ ಬೀರುವನ್ನು ತೆರೆಯದಿದ್ದರೆ ಸಾಕೆಂದು ಅನಿಸುವುದೋ, ಅದನ್ನೇ ಹೇಳಬೇಕು. ಉಳಿದದ್ದು ಕೇಳಿದರೆ ಹೇಳತಕ್ಕದ್ದು. ತನಗೇ ತಿಳಿಯದ ದೋಷಕ್ಕೆ ಅವನು ಸುಳ್ಳುಗಾರನಾಗುವುದಿಲ್ಲ. ಆದರೆ ತೇವ ಅಳೆಯುವ ಉಪಕರಣವಿದೆ, ಗ್ಯಾಸ್ ಪರೀಕ್ಷಿಸುವ ತಜ್ಞರಿದ್ದಾರೆ; ತಿಳಿದರೆ ಹೇಳಬೇಕಾದೀತೆಂದು ತಿಳಿಯದೆಯೇ ಉಳಿಯುವವನ ಅಜ್ಞಾನವು ಮುಗ್ಧತೆಯಲ್ಲ, ಪ್ರಮಾದ. ಪ್ರಮತ್ತಯೋಗವನ್ನು ಹಿಂಸೆಯ ಲಕ್ಷಣದಲ್ಲಿಯೇ ಸೇರಿಸಿದ ಆಚಾರ್ಯರ ದೃಷ್ಟಿಗೆ, ಪರೀಕ್ಷಿಸದ ಹೀಟರನ್ನು “ಚೆನ್ನಾಗಿದೆ” ಎಂದು ಬರೆದು ಮಾರುವವನು ನಿರ್ದೋಷಿಯಾಗಿ ಕಾಣನು.

ಕೊಳ್ಳುವವನಿಗೂ ಧರ್ಮವುಂಟು. ಒತ್ತೆಯಿಡುವವನು ಯಾರ ಬಳಿ ಇಡುತ್ತೇನೆಂದು ನೋಡುವುದು ಅವನ ಕರ್ತವ್ಯ. ಬ್ರಿಟನ್ನಿನಲ್ಲಿ ನೋಂದಣಿ ಸಂಖ್ಯೆಯೊಂದಿದ್ದರೆ ವಾಹನದ ಎಂ.ಓ.ಟಿ. ಚರಿತ್ರೆಯನ್ನು ಯಾರು ಬೇಕಾದರೂ ವೆಚ್ಚವಿಲ್ಲದೆ ನೋಡಬಹುದು. ಓಡಿದ ಮೈಲಿಗಳೂ ಅದರಲ್ಲಿ ದಾಖಲಾಗಿರುತ್ತವೆ. ವಾಹನವಿರುವ ಊರಿನ ಸಮೀಪದ ತಂತ್ರಜ್ಞನಿಗೆ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. “ತೇವವಿದೆಯೇ?” ಎಂದು ಬರವಣಿಗೆಯಲ್ಲಿ ಕೇಳಿದರೆ ಮೌನಕ್ಕೆ ಮಾತಿನ ಬೆಲೆ ಬರುತ್ತದೆ. ಇಷ್ಟನ್ನೂ ಬಿಟ್ಟು ಬೆಲೆಯ ಅಗ್ಗಕ್ಕೆ ಮರುಳಾಗುವವನನ್ನು ಮೋಸಗೊಳಿಸುವುದರಲ್ಲಿ ಮಾರುವವನಿಗೆ ಲೋಭವೂ ಜೊತೆಗಾರನಾಗುತ್ತದೆ. ಅತಿಯಾದ ಅಗ್ಗವು ಕಳವಿನ ವಸ್ತುವಿನ ಸೂಚನೆಯೂ ಆಗಿರಬಹುದು. ಕಳ್ಳರು ತಂದುದನ್ನು ಕೊಳ್ಳುವುದನ್ನು ತದಾಹೃತಾದಾನವೆಂದು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. 14 ದಿನಗಳ ನಿಯಮವಿದೆಯೆಂದು ವಾಹನವನ್ನು ತರಿಸಿಕೊಂಡು, ಸಂಸಾರಸಮೇತ ಪ್ರವಾಸ ಮುಗಿಸಿ, ಬೇಡವೆಂದು ಹಿಂದಿರುಗಿಸುವವನೂ ವಂಚಕನೇ. ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚು ಬಳಸಿ ಬೆಲೆ ಕುಂದಿಸಿದ್ದರೆ ಅಷ್ಟನ್ನು ಮುರಿದುಕೊಳ್ಳಲು ವ್ಯಾಪಾರಿಗೆ ಆ ನಿಯಮಗಳಲ್ಲಿಯೇ ಅವಕಾಶವಿದೆ.

ಆದರೂ ಇಬ್ಬರ ಹೊಣೆ ಸಮವೆಂದು ಹೇಳಲಾಗದು. ಕೊಳ್ಳುವವನು ಎಷ್ಟು ಎಚ್ಚರವಹಿಸಿದರೂ ಕೊನೆಗೆ ಒಂದಂಶ ನಂಬಿಕೆಗೆ ಬಿಟ್ಟದ್ದೇ ಆಗಿರುತ್ತದೆ. ಒಂದೂರಿನಲ್ಲಿ ಬರೆದ ಹುಂಡಿಯು ಮತ್ತೊಂದೂರಿನಲ್ಲಿ ಹಣವಾಗುತ್ತಿದ್ದ ಕಾಲದಲ್ಲಿಯೂ ದೂರದ ವ್ಯಾಪಾರವನ್ನು ನಡೆಸಿದ್ದು ಆ ನಂಬಿಕೆಯೇ. ಸಲಕರಣೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ಆದಕಾರಣ ವಾಹನವಾಗಲಿ ಮನೆಯಾಗಲಿ ದೂರದವರಿಗೆ ಮಾರಲು ಹೊರಟ ಗೃಹಸ್ಥನು ಚಿತ್ರ ತೆಗೆಯುವಾಗ ತನ್ನ ಎದೆ ಅಳುಕುವ ಮೂಲೆಯಿಂದಲೇ ಆರಂಭಿಸಲಿ. ಅದರಿಂದ ಬೆಲೆ ಸ್ವಲ್ಪ ಇಳಿಯಬಹುದು. ಇಳಿದಷ್ಟು ಹಣ ಮೊದಲಿಗೇ ಅವನದಾಗಿರಲಿಲ್ಲ.