ಕೇಳುವವರ ಮರ್ಯಾದೆ

ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತಾರು ವರ್ಷ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ತಮ್ಮ ಪಾಡಿಗೆ ತಾವು ಇದ್ದುಬಿಡಬಹುದಾಗಿದ್ದ ವಯಸ್ಸು. ಆದರೂ ಕೇಳಿದರು: ಸಂಸತ್ತು ಒಂದು ಕಾನೂನನ್ನೂ ಮಾಡದೆ ಜನರ ಹತ್ತು ಬೆರಳಿನ ಅಚ್ಚು, ಎರಡು ಕಣ್ಣಿನ ಪಾಪೆಯ ಚಿತ್ರ ತೆಗೆದುಕೊಳ್ಳುವುದು ಸರಿಯೇ?

ಆ ಪ್ರಶ್ನೆ ಬಹಳ ದೂರ ನಡೆಯಿತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಹೌದು, ಅದು ಮೂಲಭೂತ ಹಕ್ಕೇ ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಐವರ ಪೀಠ ಬಹುಮತದಿಂದ ಆಧಾರನ್ನು ಉಳಿಸಿಕೊಂಡು ಅದಕ್ಕೊಂದು ಮೇರೆ ಹಾಕಿತು. ಪಡಿತರ, ಸಹಾಯಧನ, ಪಾನ್‌ ಇವಕ್ಕೆ ಕೇಳಬಹುದು; ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯ ಮಾಡುವಂತಿಲ್ಲ.

ವಾದದ ಎರಡು ಕಡೆಯಲ್ಲೂ ಬದುಕಿನ ನಿಜವಿತ್ತು. ಗುಳೆ ಹೊರಟ ಕೂಲಿಯವನಿಗೆ ಕಂಡ ಕಂಡಲ್ಲಿ 'ನೀನ್ಯಾರು?' ಎಂಬ ಪ್ರಶ್ನೆ ಎದುರಾಗುತ್ತದೆ. ಕೈಯಲ್ಲಿ ಬೇರಾವ ಕಾಗದವೂ ಇಲ್ಲದವನಿಗೆ ಹನ್ನೆರಡು ಅಂಕಿಯ ಆ ಚೀಟಿ ದೊಡ್ಡ ಆಸರೆ. ಇನ್ನೊಂದು ಕಡೆ, ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ನೋಡಿ. ಬದುಕೆಲ್ಲ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಹೆಬ್ಬೆರಳನ್ನು ಅಜ್ಜಿ ಯಂತ್ರದ ಮೇಲಿಡುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಡುತ್ತಾಳೆ. 'ಇನ್ನೊಂದ್ಸಲ ಒತ್ತವ್ವ' ಎನ್ನುತ್ತಾನೆ ಅಂಗಡಿಯವನು. ಅವಳ ಹೆಸರು, ಮನೆ, ಮೊಮ್ಮಕ್ಕಳು ಎಲ್ಲ ಅವನಿಗೆ ಗೊತ್ತು. ಗೊತ್ತಿರುವವನ ಮಾತು ಅಲ್ಲಿ ನಡೆಯುವುದಿಲ್ಲ.

'ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಭಯವೇಕೆ?' ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಯಾರು ಯಾರಿಗೆ ಕೇಳುತ್ತಾರೆ ಎನ್ನುವುದನ್ನು ಗಮನಿಸಬೇಕು. ಸಾಮಾನ್ಯವಾಗಿ ಮೇಲಿರುವವರು ಕೆಳಗಿರುವವರಿಗೆ ಕೇಳುತ್ತಾರೆ. ಕೆಳಗಿನವರು ತಿರುಗಿ ಕೇಳಿದರೆ ಅಧಿಕಪ್ರಸಂಗವಾಗುತ್ತದೆ.

ಸರ್ಕಾರದ ಮಾತು ಹಾಗಿರಲಿ, ನಮ್ಮ ಮನೆ ಬಾಗಿಲಿಗೇ ಬರೋಣ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಮೊದಲ ದಿನವೇ 'ಆಧಾರ್ ಜೆರಾಕ್ಸ್ ತಗೊಂಡು ಬಾಮ್ಮ' ಎನ್ನುತ್ತೇವೆ. ಒಂದು ಪ್ರತಿ ಗೇಟಿನ ಸೆಕ್ಯೂರಿಟಿಯವನ ಮೇಜಿನ ಡ್ರಾಯರ್‌ಗೆ, ಒಂದು ಫೋಟೋ ಮೊಬೈಲಿಗೆ, ಅಲ್ಲಿಂದ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ. ಅವಳ ಹುಟ್ಟಿದ ತಾರೀಖು, ಊರು, ಗಂಡನ ಹೆಸರು ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಅವಳಿಗಾದರೋ ನಮ್ಮ ಪೂರ್ತಿ ಹೆಸರೂ ಗೊತ್ತಿರುವುದಿಲ್ಲ, 'ಮೂರನೇ ಮಹಡಿ ಮೇಡಂ' ಅಷ್ಟೇ. ಕೆಲಸ ಬಿಟ್ಟು ಹೋದ ಮೇಲೂ ಆ ಪ್ರತಿ ಅಲ್ಲೇ ಉಳಿಯುತ್ತದೆ. ಬಾಡಿಗೆಗೆ ಬಂದವರದ್ದೂ, ಡ್ರೈವರನದ್ದೂ ಇದೇ ಕಥೆ. ಎಂದೋ ಒಂದು ದಿನ ಆ ಪ್ರತಿ ರದ್ದಿಯವನ ತಕ್ಕಡಿಗೆ ಬಿದ್ದು, ಕಡಲೆಕಾಯಿ ಪೊಟ್ಟಣವಾಗಿ ಯಾರದೋ ಕೈ ಸೇರಿದರೂ ಸೇರೀತು.

ಕೇಳುವುದು ತಪ್ಪಲ್ಲ. ಗುರುತಿಲ್ಲದವರನ್ನು ಮನೆಯೊಳಗೆ ಬಿಟ್ಟುಕೊಳ್ಳುವವರಿಗೆ ಒಂದು ಖಾತ್ರಿ ಬೇಕು. ಆದರೆ ಎಷ್ಟು ಬೇಕು, ಎಷ್ಟು ದಿನಕ್ಕೆ ಬೇಕು ಎಂದು ನಾವು ಯೋಚಿಸುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಇದೆ. ಎಷ್ಟೋ ಕೆಲಸಕ್ಕೆ ಅದು ಸಾಕು. ಕಾರ್ಡನ್ನು ಕಣ್ಣಲ್ಲಿ ನೋಡಿ ಹಿಂತಿರುಗಿಸಿದರೂ ಬಹಳ ಸಲ ನಡೆದೀತು. ತೆಗೆದಿಟ್ಟುಕೊಳ್ಳುವುದು ನಮಗೆ ಅಭ್ಯಾಸವಾಗಿದೆ, ಅಷ್ಟೆ.

ಸರ್ಕಾರಕ್ಕೆ ಮೇರೆ ಹಾಕಲು ಒಬ್ಬ ಹಿರಿಯರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅಲ್ಲಿನ ತೀರ್ಪು ಎತ್ತಿಹಿಡಿದ ಖಾಸಗಿತನದ ಹಕ್ಕನ್ನು ನಾವು ನಮ್ಮದೆಂದು ಎದೆ ತಟ್ಟಿ ಹೇಳುತ್ತೇವೆ. ಅದನ್ನೇ ನಮಗಿಂತ ಕಡಿಮೆ ಸಂಬಳದವರಿಗೆ ಮರ್ಯಾದೆಯಾಗಿ ಕೊಡಲು ಯಾವ ಕೋರ್ಟೂ ಬೇಕಿಲ್ಲ. ಇವತ್ತು ಕೆಲಸಕ್ಕೆ ಹೊರಡುವ ಮುನ್ನ ಡ್ರಾಯರನ್ನೊಮ್ಮೆ, ಮೊಬೈಲಿನ ಗ್ಯಾಲರಿಯನ್ನೊಮ್ಮೆ ನೋಡೋಣ. ನಮಗೆ ಇನ್ನು ಬೇಡವಾದ, ಬೇರೆಯವರ ಗುರುತು ಅಲ್ಲಿದ್ದರೆ ಹರಿದು ಹಾಕೋಣ, ಅಳಿಸಿ ಬಿಡೋಣ.