ಕುಂಬಿಯಿಲ್ಲದ ಮಾಳಿಗೆ



ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ಊರಿನಿಂದ ದೂರದ ಹೊಲದ ಮನೆಯಲ್ಲಿ ವಾಸವಾಗಿರುವ ಹಿರಿಯರೊಬ್ಬರು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿಂದೆ ಉಳಿದರು. ಗಂಡುಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ದುಡಿಯುತ್ತಾರೆ. ಮನೆಯಲ್ಲಿ ಇವರು, ಇವರ ಧರ್ಮಪತ್ನಿ, ಹಿರಿಯ ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು. ಪಕ್ಕದ ಹೊಲದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾದಂದಿನಿಂದ ನಾಯಿ ಬೊಗಳಿದರೆ ಸಾಕು, ಇವರಿಗೆ ನಿದ್ದೆ ಹಾರಿಹೋಗುತ್ತದೆ. "ಸ್ವಾಮ್ಯಾರ, ಒಂದು ಬಂದೂಕ ತಗೋಬೇಕಂತ ಮಾಡೀನ್ರಿ. ಅರ್ಜಿನೂ ಬರಸೀನಿ. ನಮ್ಮಂಥವರು ಇಟಗೊಂಡ್ರ ಪಾಪ ಆಗತೈತೇನ್ರಿ?" ಎಂದು ಕೇಳಿದರು.

ನಿಂತ ನಿಲುವಿನಲ್ಲಿ ಉತ್ತರ ಹೇಳುವ ಪ್ರಶ್ನೆಯಲ್ಲ ಅದು. ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ಓದಿದ್ದನ್ನು, ಯೋಚಿಸಿದ್ದನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತಿದ್ದೇನೆ.

"ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸಬೇಕಲ್ಲವೇ, ಅಲ್ಲಿಗೆ ಮುಗಿಯಿತು" ಎಂದು ಕೆಲವರು ಹೇಳುತ್ತಾರೆ. ನನ್ನ ಕೆನ್ನೆಯನ್ನು ನಾನು ಒಡ್ಡಬಹುದು. ಮೊಮ್ಮಗಳ ಕೆನ್ನೆಯನ್ನು ಒಡ್ಡಲು ನನಗೆ ಅಧಿಕಾರ ಕೊಟ್ಟವರು ಯಾರು? ಧರ್ಮಸಭೆ ಈ ವ್ಯತ್ಯಾಸವನ್ನು ಬಹು ಹಿಂದೆಯೇ ಗುರುತಿಸಿದೆ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ವಿಚಾರವನ್ನು ಬಿಡಿಸಿ ಬರೆದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಅವರ ಮಾತನ್ನೇ ಆಧರಿಸುತ್ತದೆ. ತನ್ನ ಪ್ರಾಣವನ್ನು ಕಾಪಾಡಿಕೊಳ್ಳುವುದು ನ್ಯಾಯ. ಇತರರ ಪ್ರಾಣದ ಹೊಣೆ ಹೊತ್ತವನಿಗೆ ಅದು ಹಕ್ಕಷ್ಟೇ ಅಲ್ಲ, ಭಾರವಾದ ಕರ್ತವ್ಯವೂ ಹೌದು. ಆದರೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಬಲ ಪ್ರಯೋಗಿಸಿದರೆ ಅದು ಅಧರ್ಮ. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು: ಬಂದೂಕು ಇಟ್ಟುಕೊಳ್ಳುವುದೇ ಪಾಪವಲ್ಲ.

ಇನ್ನರ್ಧಕ್ಕಾಗಿ ವಿಮೋಚನಾಕಾಂಡದ 22ನೆಯ ಅಧ್ಯಾಯ ತೆರೆಯಿರಿ. ಕನ್ನ ಕೊರೆಯುತ್ತಿರುವಾಗ ಸಿಕ್ಕಿಬಿದ್ದ ಕಳ್ಳನು ಪೆಟ್ಟು ತಿಂದು ಸತ್ತರೆ ಮನೆಯವನ ಮೇಲೆ ರಕ್ತಾಪರಾಧವಿಲ್ಲ. ಸೂರ್ಯೋದಯವಾದ ಮೇಲೆ ಕೊಂದರೆ ಅಪರಾಧವಿದೆ. ಅದೇ ಕಳ್ಳ, ಅದೇ ಮನೆ, ಬೆಳಕೊಂದೇ ಬೇರೆ. ಕತ್ತಲಲ್ಲಿ ಬಂದವನು ಒಡವೆಗೆ ಬಂದನೋ ಪ್ರಾಣಕ್ಕೆ ಬಂದನೋ ತಿಳಿಯುವುದಿಲ್ಲ. ಬೆಳಕಿನಲ್ಲಿ ಅವನ ಮುಖ ಕಾಣುತ್ತದೆ, ಕೂಗಿದರೆ ಜನ ಬರುತ್ತಾರೆ. ಕಳ್ಳನ ಪ್ರಾಣಕ್ಕೂ ದೇವರು ಬೆಲೆ ಕಟ್ಟಿದ್ದಾರೆ! ಆಶ್ಚರ್ಯವೆಂದರೆ ನಮ್ಮ ದೇಶದ ಕಾನೂನಿನಲ್ಲೂ ಇದರ ನೆರಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ಆಸ್ತಿರಕ್ಷಣೆಗಾಗಿ ಪ್ರಾಣ ತೆಗೆಯುವಷ್ಟು ದೂರ ಹೋಗಬಹುದಾದ ಕೆಲವೇ ಸಂದರ್ಭಗಳನ್ನು ಹೇಳುತ್ತದೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಮುರಿದು ಒಳನುಗ್ಗುವುದು ಅವುಗಳಲ್ಲೊಂದು. ಅದಕ್ಕೂ ಮೊದಲೇ 37ನೆಯ ಕಲಮು ಬೇಲಿ ಹಾಕಿದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಹಾಗಾದರೆ ಕೇಬಲ್ ಕದ್ದು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದರೆ? ಅದು ಮನೆರಕ್ಷಣೆಯಲ್ಲ. ಬೆನ್ನು ತೋರಿಸಿದವನಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ಲೈಸೆನ್ಸಿನ ಮಾತು ಬಂದಾಗ ನಮ್ಮ ಜಿಲ್ಲೆಯವರ ಮುಂದೆ ಸ್ವಲ್ಪ ಹುಷಾರಾಗಿ ಮಾತಾಡಬೇಕು. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಿರೆಂಬ ಬ್ರಿಟಿಷರ ಹುಕುಮಿಗೆ ತಲೆಬಾಗಲಿಲ್ಲ. ನವೆಂಬರ್ ಕೊನೆಯಲ್ಲಿ ಕಲಾದಗಿಯಿಂದ ಬಂದ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಮಂದಿಯನ್ನು ನೇಣಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಆ ಲಾವಣಿಯನ್ನು ನಾವು ಶಾಲೆಯಲ್ಲಿ ಓದಿದವರು. ಆಯುಧ ಅವರ ಬದುಕಾಗಿತ್ತು, ಮಾನವಾಗಿತ್ತು. ಆದ್ದರಿಂದ "ನನ್ನ ಮನೆ ಕಾಯಲು ಸರಕಾರದ ಅಪ್ಪಣೆ ಯಾಕೆ?" ಎಂಬ ಸಿಟ್ಟಿಗೆ ಈ ನೆಲದಲ್ಲಿ ಬೇರಿದೆ. ಆದರೆ ಇಂದಿನ ಕಾನೂನು ಪರದೇಶದವರು ಹೇರಿದ್ದಲ್ಲ. 1959ರ ಆಯುಧ ಕಾಯ್ದೆ ನಾವು ಆರಿಸಿ ಕಳಿಸಿದವರು ಮಾಡಿದ್ದು. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಪೊಲೀಸರ ವರದಿ, ತರಬೇತಿಯ ಪ್ರಮಾಣಪತ್ರ, ಭದ್ರವಾಗಿಡುತ್ತೇನೆಂಬ ಮುಚ್ಚಳಿಕೆ ಇವೆಲ್ಲ ಕಿರುಕುಳವೆಂದು ಕಂಡರೂ ಒಂದೊಂದರ ಹಿಂದೆಯೂ ಯಾರದೋ ಸಾವಿನ ಪಾಠವಿದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಲೈಸೆನ್ಸು 5 ವರ್ಷಕ್ಕೆ. ಮದುವೆ ಮೆರವಣಿಗೆಯಲ್ಲಿ ಸಂತೋಷಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೂ ಜೈಲು. ಕಡಿಮೆ ಬೆಲೆಗೆ ಸಿಗುವ ನಾಡ ಪಿಸ್ತೂಲಿನ ಕಡೆಗೆ ಮಾತ್ರ ಕಣ್ಣೆತ್ತಿಯೂ ನೋಡಬೇಡಿ. ಅದು ಅಪರಾಧವೂ ಹೌದು, ಹಿಡಿದವನ ಕೈಯಲ್ಲೇ ಸಿಡಿಯುವ ಕಬ್ಬಿಣವೂ ಹೌದು.

ಇನ್ನು ಯಾವ ಬಂದೂಕು? ಗುರುಗಳಿಗೆ ಇದರ ಉಸಾಬರಿ ಏಕೆ ಎನ್ನಬೇಡಿ. ಇಲ್ಲಿ ತಪ್ಪಿದರೆ ಕಡೆಗೆ ಅಂತ್ಯಸಂಸ್ಕಾರಕ್ಕೆ ಬರಬೇಕಾದವರು ನಾವೇ. ರಕ್ಷಣೆಗೆಂದು ಕೇಳುವವರ ವಿಷಯದಲ್ಲಿ ಕಾಯ್ದೆ ಹೆಸರಿಸುವುದು 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು. ನಮ್ಮ ಕಡೆ ಅದು 12 ಬೋರಿನದು. ಒಂದು ಪೌಂಡ್ ಸೀಸದಿಂದ ನಳಿಗೆಗೆ ಸರಿಯಾಗಿ ಕೂಡುವ 12 ಗುಂಡು ಎರಕ ಹೊಯ್ಯಬಹುದೆಂಬ ಹಳೆಯ ಲೆಕ್ಕದಿಂದ ಬಂದ ಹೆಸರು. ನಡುವೆ ಮಡಚಿ ತೆರೆಯುವ ಒಂಟಿ ಅಥವಾ ಜೋಡಿ ನಳಿಗೆಯ ಬಂದೂಕಿನಲ್ಲಿ ಒಂದು ಉಪಕಾರವಿದೆ: ತೆರೆದ ಕೂಡಲೇ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಮ್ಯಾಗಜಿನ್ ಹೊರಗೆ ತೆಗೆದರೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. "ಖಾಲಿ ಐತಿ" ಎಂದು ತಮಾಷೆಗೆ ತೋರಿಸಿದ ಪಿಸ್ತೂಲಿನಿಂದ ಗೆಳೆಯನನ್ನೇ ಕಳೆದುಕೊಂಡವರು ಲೋಕದಲ್ಲಿ ಒಬ್ಬಿಬ್ಬರಲ್ಲ. ಆದ್ದರಿಂದ ಅರಿತವರು ಕಲಿಸುವ ಮೊದಲ ಪಾಠ: ಕೈಗೆ ಬಂದ ಪ್ರತಿ ಬಂದೂಕಿನಲ್ಲೂ ಗುಂಡಿದೆಯೆಂದೇ ತಿಳಿ. ಕೊಲ್ಲಲು ಒಪ್ಪದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡ. ಹೊಡೆಯಬೇಕೆಂದು ನಿಶ್ಚಯಿಸುವ ತನಕ ಬೆರಳು ಕುದುರೆಯ ಮೇಲೆ ಬೇಡ. ಎದುರಿಗಿರುವವನು ಯಾರು, ಅವನ ಹಿಂದೆ ಏನಿದೆ ಎಂಬುದು ಗೊತ್ತಿರಲಿ. ತಗಡಿನ ಕದ, ತೆಳ್ಳನೆಯ ಗೋಡೆ ಗುಂಡನ್ನು ತಡೆಯುವುದಿಲ್ಲ. ಚಿಕ್ಕ ಕೋಣೆಯಲ್ಲಿ ಚರೆಗಳು ಬೀಸಿದ ಬಲೆಯಂತೆ ಹರಡುತ್ತವೆ ಎಂಬುದೂ ಸುಳ್ಳು. ಅಷ್ಟು ಹತ್ತಿರದಲ್ಲಿ ಅವು ಒಂದೇ ಮುಷ್ಟಿಯಾಗಿ ಹೋಗುತ್ತವೆ.

ಗೆತ್ಸೆಮನೆಯ ರಾತ್ರಿಯನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಶಿಷ್ಯರ ಬಳಿ ಎರಡು ಕತ್ತಿಗಳಿದ್ದವೆಂದು ಸಂತ ಲೂಕರ ಶುಭಸಂದೇಶ ಹೇಳುತ್ತದೆ. ಕತ್ತಲು, ಪಂಜಿನ ಬೆಳಕು, ಗಲಾಟೆ, ನಿದ್ದೆಯಿಂದೆದ್ದ ಕಣ್ಣು. ಬಲೆ ಹಿಡಿದು ಪಳಗಿದ ಪೇತ್ರನ ಕೈ ಕತ್ತಿ ಬೀಸಿತು. ಪೆಟ್ಟು ಬಿದ್ದದ್ದು ಯಾರಿಗೆ? ಯೂದನಿಗಲ್ಲ, ಹುಕುಮು ಕೊಟ್ಟ ಪ್ರಧಾನಯಾಜಕನಿಗೂ ಅಲ್ಲ. ಮಲ್ಕನೆಂಬ ಒಬ್ಬ ಆಳಿನ ಕಿವಿಗೆ. ಯೇಸುಸ್ವಾಮಿ ಕೈಮುಟ್ಟಿ ಅದನ್ನು ಗುಣಪಡಿಸಿದರು. ನಮ್ಮ ಮನೆಯಲ್ಲಿ ಹಾರಿದ ಗುಂಡಿನ ಹಿಂದೆ ಹಾಗೆ ಕೈಮುಟ್ಟಿ ಸರಿಪಡಿಸುವವರು ಯಾರೂ ನಿಂತಿರುವುದಿಲ್ಲ. ಕತ್ತಿಯಿಂದ ಪೇತ್ರನ ಭಯವಾದರೂ ಹೋಯಿತೇ? ಅದೇ ರಾತ್ರಿ ಒಬ್ಬ ದಾಸಿಯ ಮಾತಿಗೆ ಬೆದರಿದ. ಅವನನ್ನು ಕೊನೆಯದಾಗಿ ಪ್ರಶ್ನಿಸಿದವನು ಯಾರೆಂದು ಸಂತ ಯೊವಾನ್ನರು ಮರೆಯದೆ ಬರೆದಿದ್ದಾರೆ: ಕಿವಿ ಕತ್ತರಿಸಿಕೊಂಡವನ ಸಂಬಂಧಿಕ.

ಈಗ ಕುಂಬಿಯ ಮಾತಿಗೆ ಬರೋಣ. ಬದಾಮಿ, ಹುನಗುಂದದ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳನ್ನು ನೀವು ಬಲ್ಲಿರಿ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಲಗುವುದು ಅಲ್ಲೇ. ಇಸ್ರಯೇಲರ ಮನೆಗಳೂ ಹಾಗೆಯೇ ಇದ್ದವು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ಆಜ್ಞೆಯಿದೆ: ಹೊಸ ಮನೆ ಕಟ್ಟಿಸಿದರೆ ಮಾಳಿಗೆಗೆ ಕುಂಬಿ ಕಟ್ಟಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದವನ ರಕ್ತ ಆ ಮನೆಯ ಮೇಲೆ. ಬಿದ್ದವನನ್ನು ಯಾರೂ ನೂಕಲಿಲ್ಲ. ಆದರೂ ಮನೆಯವನು ಹೊಣೆ. ಎತ್ತರವನ್ನು ಕಟ್ಟಿದವನು ನೀನು, ಅಂಚನ್ನೂ ನೀನೇ ಕಾಯಿ ಎನ್ನುತ್ತಾರೆ ದೇವರು.

ಬಂದೂಕು ತಂದವನೂ ಮನೆಯೊಳಗೆ ಒಂದು ಎತ್ತರವನ್ನು ಕಟ್ಟಿದ ಹಾಗೆಯೇ. ಕಳ್ಳ ಬರುವ ರಾತ್ರಿ ಒಂದು ಬಂದೀತು, ಬರದೆಯೂ ಹೋದೀತು. ಉಳಿದ ಎಲ್ಲ ರಾತ್ರಿಗಳಲ್ಲೂ ಅದು ಮನೆಯವರ ನಡುವೆಯೇ ಇರುತ್ತದೆ. ದೇವರ ಪಟದ ಹಿಂದೆ ಬೀಗದ ಕೈ ಇಟ್ಟರೆ ಮಕ್ಕಳಿಗೆ ಗೊತ್ತಾಗುವುದಿಲ್ಲವೆಂದು ನಂಬುವ ಅಜ್ಜಂದಿರನ್ನು ಕಂಡರೆ ನನಗೆ ನಗು ಬರುತ್ತದೆ, ಹೆದರಿಕೆಯೂ ಆಗುತ್ತದೆ. ಬಂದೂಕು ಒಂದು ಬೀಗದಲ್ಲಿ, ತೋಟಾ ಬೇರೊಂದು ಬೀಗದಲ್ಲಿ, ಬೀಗದ ಕೈ ಹಿರಿಯರ ಮೈಮೇಲೆ. ಸೆರೆ ಕುಡಿಯುವವರಿರುವ ಮನೆಯಲ್ಲಿ, ಗಂಡ ಹೆಂಡತಿಯ ಮೇಲೆ ಕೈ ಮಾಡುವ ಮನೆಯಲ್ಲಿ ಬಂದೂಕಿಗೆ ಜಾಗವೇ ಇಲ್ಲ.

ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳುತ್ತೇನೆ. ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ಸಾಯುವವರು. ಸಾಲ, ಮಳೆಯಿಲ್ಲದ ವರ್ಷ, ಮಗಳ ಮದುವೆ ಮುರಿದ ಅವಮಾನ – ನಮ್ಮ ರೈತನ ಮನಸ್ಸು ಕುಸಿಯುವ ಗಳಿಗೆಗಳು ನಿಮಗೆ ಗೊತ್ತು. ಆ ಗಳಿಗೆ ಅನೇಕ ಸಲ ಒಂದು ರಾತ್ರಿಯದ್ದು. ಯಾರಾದರೂ ಪಕ್ಕದಲ್ಲಿ ಕುಳಿತರೆ ಕಳೆದುಹೋಗುತ್ತದೆ. ಕೈಗೆಟುಕುವಲ್ಲಿ ಬಂದೂಕಿದ್ದರೆ ಕಳೆಯಲು ಅವಕಾಶವೇ ಸಿಗುವುದಿಲ್ಲ. ಮನೆಯಲ್ಲಿ ಯಾರಾದರೂ ಮಂಕಾಗಿ ಊಟ ಬಿಟ್ಟು ಕುಳಿತಿದ್ದರೆ ಲೈಸೆನ್ಸುದಾರರೇ, ಆ ದಿನವೇ ಬಂದೂಕನ್ನು ಮನೆಯಿಂದ ಹೊರಗೆ ಒಯ್ಯಿರಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದಿಲ್ಲವೇ? ಜೀವಕ್ಕಾಗಿ ಒಪ್ಪಿಸಿದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಆದರೆ ಅಲ್ಲಿ ಕೋವಿ ಕತ್ತಲ ಕೋಣೆಯ ಗುಟ್ಟಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್ ಹಬ್ಬದಲ್ಲಿ ಎಲ್ಲರ ಮುಂದೆ ಪೂಜೆ. ಹಿರಿಯರ ಕಣ್ಣೆದುರು ತಲೆಮಾರುಗಳಿಂದ ಪಳಗಿ ಬಂದ ಆ ಕೈಯನ್ನು ನಾವು ಅಂಗಡಿಯಲ್ಲಿ ಬಂದೂಕಿನ ಜೊತೆ ಕೊಂಡು ತರಲಾಗುವುದಿಲ್ಲ.

ಮತ್ತೆ, ಬಂದೂಕು ಎಲ್ಲ ಅಪಾಯವನ್ನೂ ತಡೆಯುತ್ತದೆಯೇ? 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲನ್ನು ಕೊಲೆಗಾರ ತಟ್ಟಿಯೇ ಬಂದ. ಹಗಲು ಹೊತ್ತಿನಲ್ಲಿ ಬಾಗಿಲು ತಟ್ಟಿದವನನ್ನು ಬಂದೂಕು ಹಿಡಿದು ಎದುರುಗೊಳ್ಳುವ ಮನೆ ಯಾವುದಿದೆ? ಹಾಗೆ ಎದುರುಗೊಳ್ಳುವ ಮನೆಯಲ್ಲಿ ನಾವು ಇರಬಯಸುತ್ತೇವೆಯೇ?

ನಮ್ಮ ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಕಟ್ಟೆಯ ಮೇಲೆ ಯಾರಾದರೊಬ್ಬರು ಕುಳಿತೇ ಇರುತ್ತಿದ್ದರು. ಹೊಸ ಮುಖ ಬಂದರೆ "ಯಾರ ಮನೀಗ್ರಿ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಆಲಮಟ್ಟಿಯ ಹಿನ್ನೀರು ಊರೊಳಗೆ ಬಂತು, ಜನ ನವನಗರದ ಸೆಕ್ಟರುಗಳಿಗೆ ಹೋದರು. ಮನೆಗೆ ಪರಿಹಾರ ಸಿಕ್ಕಿತು. ಕಟ್ಟೆಗೆ, ಆ ಪ್ರಶ್ನೆಗೆ ಯಾವ ಪರಿಹಾರವೂ ಸಿಗಲಿಲ್ಲ. ನಮ್ಮ ಭಯದಲ್ಲಿ ಎಷ್ಟು ಪಾಲು ಕಳ್ಳರದ್ದು, ಎಷ್ಟು ಪಾಲು ಒಂಟಿತನದ್ದು ಎಂದು ಕೇಳಿಕೊಳ್ಳಬೇಕಾಗಿದೆ. ಹುನಗುಂದದ ಹಿರಿಯರ ಮನೆಗೂ ಮುಂದಿನ ಹೊಲದ ಮನೆಗೂ ಕೂಗಿನ ದೂರ. ಆದರೆ ಬದುವಿನ ಜಗಳದಿಂದ ಆ ಎರಡು ಮನೆಗಳ ನಡುವೆ ಮಾತು ನಿಂತು ಬಹಳ ಕಾಲವಾಗಿದೆ.

ವಾರ ಕಳೆದ ಮೇಲೆ ಅವರು ಮತ್ತೆ ಬಂದರು. ಇಷ್ಟನ್ನೂ ಹೇಳಿದೆ. ತಾಳ್ಮೆಯಿಂದ ಕೇಳಿದರು. "ಹಂಗಾದ್ರ ಬ್ಯಾಡ ಅಂತೀರೇನ್ರಿ?" ಎಂದರು. ಬೇಡವೆಂದು ನಾನು ಹೇಳಲಿಲ್ಲ. ಹಾಗೆ ಹೇಳುವ ಅಧಿಕಾರ ನನಗಿಲ್ಲ. ಮೂರು ಪ್ರಶ್ನೆ ಮಾತ್ರ ಕೇಳಿದೆ. ರಾತ್ರಿ ಸಪ್ಪಳವಾದರೆ ಮೊದಲು ಬ್ಯಾಟರಿ ಹಾಕಿ, ಕೂಗಿ, 112ಕ್ಕೆ ಫೋನ್ ಮಾಡುವಷ್ಟು ಸಮಾಧಾನ ನಿಮ್ಮಲ್ಲಿದೆಯೇ? ಬೆಂಗಳೂರಿನ ಮಗ ಹೇಳದೆ ಕೇಳದೆ ನಡುರಾತ್ರಿ ಬಸ್ಸಿಳಿದು ಬಂದು ಕದ ತಳ್ಳಿದರೆ? ಮನೆಯಲ್ಲಿ ಅಮ್ಮ ಏನೆನ್ನುತ್ತಾರೆ?

ಮೊದಲ ಎರಡಕ್ಕೆ ಅವರು ತಲೆಯಾಡಿಸುತ್ತ ಯೋಚಿಸಿದರು. ಮೂರನೆಯದಕ್ಕೆ ಮಾತ್ರ ಅರ್ಜಿಯ ಹಾಳೆಯನ್ನು ಜೇಬಿನೊಳಗೆ ಮಡಚಿಟ್ಟುಕೊಂಡು, "ಆಕೀನ್ನ ಕೇಳೇ ಇಲ್ರಿ" ಎಂದು ಹೇಳಿ ಮನೆಯ ಕಡೆಗೆ ಹೊರಟರು.